ಹದಿಮೂರನೇ ದಿನದ ಹುಡುಗಿ ನೋಡೋ ಶಾಸ್ತ್ರ

ನಮ್ಮ ಕಡೆ ಒಬ್ಬ ಹುಡುಗನಿಗೆ ಒಬ್ಬ ಹುಡುಗಿ ಅಕಸ್ಮಾತ್ ಕಣ್ಣಿಗೆ ಬೀಳ್ಬೇಕಂದ್ರೆ ಯಾರಾದ್ರೂ ಸಾಯ್ಬೇಕು. ತಮಾಷೆಗೆ ಹೇಳ್ತಿಲ್ಲ. ನನ್ನ ತಮ್ಮನಿಗೆ ನಲವತ್ತೊಂದು. ಮದುವೆ ಮನೆಯಲ್ಲಿ ಎಲ್ಲರೂ "ನಿಂದು ಯಾವಾಗ ಮಾರಾಯ?" ಅಂತ ಜೀವ ತಿಂತಾರೆ ಅಂತ ಅವ ಮದುವೆಗೆ ಹೋಗೋದೇ ಬಿಟ್ಟ. ಸಾವಿನ ಮನೆಯಲ್ಲಿ ಯಾರೂ ಕೇಳಲ್ಲ. ನೆಂಟರಂತೂ ಹದಿಮೂರನೇ ದಿನದ ಊಟಕ್ಕೆ ಒಬ್ಬರೂ ತಪ್ಪಿಸಲ್ಲ. ಹಾಸಿಗೆ ಹಿಡಿದ ಅಮ್ಮನಿಗೆ ಕಣ್ಣು ಮುಚ್ಚೋದ್ರೊಳಗೆ ಸೊಸೆ ನೋಡೋ ಆಸೆ. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ಯಾರು ಹೋದ್ರೂ ನಾನು ತಮ್ಮನ ಪಂಚೆಗೆ ಇಸ್ತ್ರಿ ಹಾಕ್ತಿದ್ದೆ.

೧. ಪಾಯಸ

ಸಾಗರದ ಹತ್ರ ಒಂದು ಮನೆ. "ಹೆಂಗಸರ ಪಂಕ್ತಿಗೆ ಪಾಯಸ ಬಡಿಸು, ಆ ಹುಡುಗಿಯ ತಾಯಿ ಎದುರು ಸ್ವಲ್ಪ ನಿಲ್ಲು" ಅಂತ ಕಳಿಸಿದೆ. ಬಡಪಾಯಿ ಮೂರು ಸಲ ಹೋದ. ನಾಲ್ಕನೇ ಸಲ ಆಕೆ ತಲೆಯೆತ್ತಿ, "ಭಾರಿ ಚೆಂದ ಬಡಿಸ್ತೀರಿ. ಮಗಳ ಮದುವೆ ನಿಶ್ಚಯ ಆಗಿದೆ, ನಿಮ್ಮ ಅಡುಗೆಯವರ ನಂಬರ್ ಕೊಡಿ" ಅಂದ್ರು. ಇವ ಅಡುಗೆ ಭಟ್ಟರನ್ನ ಹುಡುಕಿ ನಂಬರ್ ತಂದುಕೊಟ್ಟ.

೨. ಕುಶಲ

ಬರೀ ಬಡಿಸಿದ್ರೆ ಆಗಲ್ಲ, ಮಾತಾಡು ಅಂತ ಬೈದೆ. ತೀರ್ಥಹಳ್ಳಿಯ ಊಟದಲ್ಲಿ ನೀಲಿ ಸೀರೆಯವಳನ್ನ ತೋರಿಸಿದೆ. ಅವಳು ಸತ್ತವರ ಮಗಳೇ ಅಂತ ನನಗೇನು ಗೊತ್ತು? ಇವ ಹೋಗಿ ಹಲ್ಲು ಕಿಸಿದು, "ಮನೇಲಿ ಎಲ್ಲ ಆರಾಮಾ?" ಅಂದ.

"ಅಪ್ಪ ಹೋದ್ರು. ಅದೊಂದು ಬಿಟ್ರೆ ಆರಾಮ" ಅಂದ್ಲು.

ಇವ ಕೈ ಮುಗಿದು ಸೀದಾ ಬಸ್ ಸ್ಟ್ಯಾಂಡಿಗೆ ನಡೆದ.

೩. ನಮ್ಮ ಮನೆ

ಇದನ್ನ ಕೇಳಿ ಅಮ್ಮ ಕೆಮ್ಮು ಬರೋವಷ್ಟು ನಕ್ಕಳು. ಆಮೇಲೆ ಮೆಲ್ಲಗೆ, "ಊರವರ ಹದಿಮೂರಕ್ಕೆ ಆಗ್ಲಿಲ್ಲ, ನಂದಕ್ಕಾದ್ರೂ ಆಗ್ಬಹುದು. ಕರೆಯೋದ್ರಲ್ಲಿ ಜಿಪುಣತನ ಮಾಡ್ಬೇಡ ಮಗಾ" ಅಂದಳು. ಬಾಯಿ ಮುಚ್ಚು ಅಂತ ಗದರಿದೆ. ತಿಂಗಳೊಳಗೆ ಹೋಗೇಬಿಟ್ಟಳು.

ಅಳ್ತಾ ಅಳ್ತಾನೇ ಎಲ್ಲರನ್ನೂ ಕರೆದೆ. ಬ್ಯಾಕೋಡಿನಿಂದ ನನ್ನ ಗಂಡನ ದೂರದ ನೆಂಟರ ಹುಡುಗಿ, ಮೂವತ್ತೇಳರ ಶಾಲೆ ಟೀಚರ್, ಅವಳನ್ನೂ ಬಿಡಲಿಲ್ಲ. ಒಂದೇ ಒಂದು ಮರೆತಿದ್ದೆ. ಕರ್ಮ ಮಾಡೋ ಮಗ ಇವನೇ. ತಲೆ ಬೋಳು, ಮೀಸೆ ಇಲ್ಲ, ಮುಖ ಬಾಡಿಹೋಗಿದೆ. ಅಮ್ಮನ ಕೊನೇ ಆಸೆನೂ ನನ್ನ ಕೈಯಾರೆ ಹಾಳಾಯ್ತು ಅಂತ ಅಡುಗೆಮನೆ ಮೂಲೇಲಿ ಕೂತು ಅತ್ತೆ.

ಕಣ್ಣೊರೆಸಿ ಹಿತ್ತಲಿಗೆ ಬಂದ್ರೆ, ಕೈ ತೊಳೆಯೋಕೆ ಹೋದ ಟೀಚರ್ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತಿದಾಳೆ. ಎದುರು ನಿಂತ ತಮ್ಮ, ಅಮ್ಮನ ಬಗ್ಗೆ ಹೇಳ್ತಾ ಅಳ್ತಿದಾನೆ, ನಗ್ತಿದಾನೆ. ನಾನು ಕಳಿಸಿದ್ದಲ್ಲ. ಅರ್ಧ ಗಂಟೆ ಯಾರನ್ನೂ ಆ ಕಡೆ ಬಿಡಲಿಲ್ಲ.

ಸಾವಿನ ಮನೆಯಿಂದ ಹೊರಡೋರು ಏನೂ ಹೇಳದೆ ಎದ್ದು ಹೋಗ್ಬೇಕು. ಹೋಗಿ ಬರ್ತೀನಿ ಅಂದ್ರೆ ಇನ್ನೊಂದು ಸಾವು ಕರೆದ ಹಾಗೆ. ಟೀಚರ್ ಮಾತ್ರ ಬಾಗಿಲಲ್ಲಿ ನಿಂತು, ಎಲ್ಲರೆದುರಿಗೆ ತಮ್ಮನಿಗೆ "ಬರ್ತೀನಿ" ಅಂದ್ಲು.

"ಹಾಗನ್ನಬಾರ್ದು ಮಗಾ" ಅಂತ ನಮ್ಮ ಸೋದರತ್ತೆ ತಡೆದ್ರು.

"ಗೊತ್ತು ಅಮ್ಮ" ಅಂದ್ಲು ಟೀಚರ್, ಚಪ್ಪಲಿ ಹಾಕ್ಕೊಳ್ತಾ. "ತಾಯಿ ಹೋದ್ರೆ ವರ್ಷ ಕಳೆಯೋವರೆಗೆ ಇವರು ಮದುವೆ ಆಗೋ ಹಾಗಿಲ್ಲವಲ್ಲ. ಅದು ಕಳೆದ ಮೇಲೆ ಬರ್ತೀನಿ ಅಂದೆ."