ಪಂಚೆಗೆ ಬೇಕಾದ ಪಿಷ್ಟ

ನನ್ನ ಹೆಂಡತಿ ಸುಮತಿ ನಮ್ಮ ಮನೆಯಲ್ಲಿದ್ದ ಕೊನೆಯ ಸಾಧಾರಣ ದಿನ ಒಂದು ಭಾನುವಾರ. ಕುಚ್ಚಲಕ್ಕಿ ಗಂಜಿಯನ್ನು ಎರಡನೇ ಸಲ ಬಡಿಸಿಕೊಳ್ಳಲು ನಾನು ಕೈ ಚಾಚಿದಾಗ ಅವಳು ಪಾತ್ರೆಯನ್ನೇ ಎತ್ತಿಕೊಂಡು ಹಿತ್ತಲಿಗೆ ಹೊರಟಳು. ಗಂಜಿಯ ತಿಳಿ ಬಸಿದು ನನ್ನ ಪಂಚೆಗಳನ್ನು ಅದ್ದುವ ದಿನ ಅದು. "ಪಿಷ್ಟ ನಿಮ್ಮ ಪಂಚೆಗೆ ಬೇಕು, ನಿಮಗೆ ಬೇಡ" ಎಂದಳು. ಸಕ್ಕರೆ ಕಾಯಿಲೆ ಇದ್ದದ್ದು ನನಗೆ, ಪಂಚೆಗಲ್ಲ. ಸಂಜೆಯ ಹೊತ್ತಿಗೆ ಪಂಚೆಗಳು ಹಪ್ಪಳದ ಹಾಗೆ ಒಣಗಿದ್ದವು. ಮರುದಿನ ಬೆಳಿಗ್ಗೆ ಅವುಗಳನ್ನು ಮಡಚಲು ಅವಳು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಸುಮತಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದವಳು. ನಾನು ಹತ್ತನೇ ಕ್ಲಾಸು ಹೇಗೋ ದಾಟಿ ಉರ್ವದಲ್ಲಿ ಪಾತ್ರೆ ಅಂಗಡಿ ಇಟ್ಟವನು. ನಮ್ಮ ಮನೆಮಾತು ತುಳು. ಪ್ರೀತಿ, ಜಗಳ, ಮೀನಿನವಳ ಜೊತೆ ಚೌಕಾಸಿ ಎಲ್ಲವೂ ತುಳುವಿನಲ್ಲೇ. ಪಾಠ ಮಾತ್ರ ಕನ್ನಡದಲ್ಲಿ. ಹಾಗಾಗಿ ಮನೆಯೊಳಗೆ ಅವಳು ಕನ್ನಡ ಶುರು ಮಾಡಿದಳೆಂದರೆ ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುತ್ತಿದ್ದೆ. ಜೀವ ಇರುವುದೆಲ್ಲ ಮುಖ್ಯವಾಗಿ ನಾಲ್ಕು ಬಗೆಯ ದೊಡ್ಡ ಅಣುಗಳಿಂದ ಆದದ್ದು ಎಂದು ಅವಳು ನನಗೆ ಕಲಿಸಿದ್ದು ಊಟದ ತಟ್ಟೆಯ ಮುಂದೆ. ಗಂಜಿಯಲ್ಲಿ ಕಾರ್ಬೋಹೈಡ್ರೇಟ್, ಬಂಗುಡೆ ಮೀನಿನಲ್ಲಿ ಪ್ರೋಟೀನ್, ತೆಂಗಿನೆಣ್ಣೆಯಲ್ಲಿ ಕೊಬ್ಬು. ನಾಲ್ಕನೆಯದು ಎಲ್ಲಿ ಎಂದು ನಾನು ತಟ್ಟೆಯಲ್ಲಿ ಹುಡುಕಿದೆ. ಅದು ಡಿಎನ್‌ಎ, ಬಂಗುಡೆಯಲ್ಲಿಯೂ ಉಂಟು, ಕಣ್ಣಿಗೆ ಕಾಣುವುದಿಲ್ಲ, ಬೇಕಿದ್ದರೆ ಮಗಳ ಮೂಗು ನೋಡಿ ಎಂದಳು. ಮಗಳ ಮೂಗು ನನ್ನದೇ, ಸ್ವಲ್ಪ ದಪ್ಪ. ಆ ಬಗ್ಗೆ ಸುಮತಿಗೆ ಕೊನೆಯವರೆಗೂ ಅಸಮಾಧಾನವಿತ್ತು.

ಪಿಷ್ಟದ ಪರಿಚಯ ನನಗೆ ಅದಕ್ಕೂ ಮೊದಲೇ ಆಗಿತ್ತು. ಮದುವೆಯಾದ ಹೊಸತರಲ್ಲಿ ಹೊಸ್ತಿಲಿಗೆ ಎಡವಿ ಕಾಲಿನ ಹೆಬ್ಬೆರಳು ಒಡೆದುಕೊಂಡೆ. ಅವಳು ಟಿಂಕ್ಚರ್ ಅಯೋಡಿನ್ ಹಚ್ಚುವಾಗ ಒಂದು ಹನಿ ನನ್ನ ಬಿಳಿ ಪಂಚೆಯ ಮೇಲೆ ಬಿತ್ತು. ಕಂದು ಬಣ್ಣದ ಔಷಧಿ ಅಲ್ಲಿ ಕಡು ನೀಲಿಯಾಯಿತು. ನನ್ನ ರಕ್ತವೇ ಕೆಟ್ಟುಹೋಗಿದೆ ಎಂದು ನಾನು ಗೋಡೆಗೆ ಒರಗಿದೆ. ಆಗ ಬಂತು ನಮ್ಮ ಸಂಸಾರದ ಮೊದಲ ಕನ್ನಡ: "ಹೆದರುವುದು ಎಂತಕ್ಕೆ? ಗಂಜಿಯಲ್ಲಿ ಪಿಷ್ಟ ಉಂಟು. ಅದಕ್ಕೆ ಅಯೋಡಿನ್ ತಾಗಿದರೆ ನೀಲಿ ಆಗ್ತದೆ. ನಿಮ್ಮ ಪಂಚೆ ಪಾಸ್."

ಆಮೇಲೆ ಆ ಸಣ್ಣ ಬಾಟಲಿ ಅವಳ ವ್ಯಾನಿಟಿ ಬ್ಯಾಗಿನಲ್ಲೇ ಉಳಿಯಿತು. ಬೋಳಾರದಲ್ಲಿರುವ ನನ್ನ ಅಕ್ಕ ಯಾರಿಂದಲೋ ತರಿಸಿದ ಹಳ್ಳಿಯ ತುಪ್ಪವನ್ನು ಹೊಗಳುತ್ತ ಬಡಿಸುವಾಗ ಸುಮತಿ ಒಂದು ಚಮಚ ತುಪ್ಪಕ್ಕೆ ಒಂದು ಹನಿ ಬಿಟ್ಟಳು. ನೀಲಿ. ತುಪ್ಪದೊಳಗೆ ಆಲೂಗಡ್ಡೆಯೋ ಗೆಣಸೋ ಇತ್ತು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, ನಿನ್ನ ಹೆಂಡತಿ ಬಂದದ್ದು ಊಟಕ್ಕಾ, ಇನ್ಸ್‌ಪೆಕ್ಷನ್‌ಗಾ ಮಾರಾಯ ಎಂದು ಕೇಳಿದಳು. ಆದರೆ ಆ ತುಪ್ಪದವನಿಂದ ತರಿಸುವುದನ್ನು ಬಿಟ್ಟಳು.

ಈಗ ಸುಮತಿಯ ವರ್ಷದ ಕಾರ್ಯ ಬಂತು. ನಾಲ್ಕು ಜನ ಸೇರುವಲ್ಲಿ ನನ್ನ ಪಂಚೆ ಜೋತಾಡಿದರೆ ಅವಳಿಗೆ ಆಗುತ್ತಿರಲಿಲ್ಲ. ಆ ದಿನ ಗಂಜಿ ಹಾಕಿದ ಪಂಚೆಯನ್ನೇ ಉಡಬೇಕು, ಗಂಜಿ ನಮ್ಮ ಮನೆಯದ್ದೇ ಆಗಬೇಕು ಎಂದು ನನಗೆ ಹಟ ಬಂತು. ಲಾಂಡ್ರಿಗೆ ಕೊಡಿ ಪಪ್ಪ ಎಂದು ಕಾಟಿಪಳ್ಳದಿಂದ ಮಗಳು ಫೋನಿನಲ್ಲಿ ಹೇಳಿದಳು. ಕೇಳಲಿಲ್ಲ. ಇಷ್ಟು ವರ್ಷ ಗಂಜಿ ಉಂಡವನಿಗೆ ಗಂಜಿ ಹಾಕಲು ಬರುವುದಿಲ್ಲವೇ ಎಂದು ನನ್ನ ಧೈರ್ಯ. ಮೊದಲ ಸಲ ತಿಳಿ ಸೋಸಲಿಲ್ಲ. ಪಂಚೆ ಹಲಗೆಯಾಯಿತು, ಅಲ್ಲಲ್ಲಿ ಅಗುಳು ಅಂಟಿಕೊಂಡಿತು. ಒಂದು ಕಾಗೆ ಬಂದು ತಂತಿಯ ಮೇಲೆ ಕುಳಿತು ಆ ಅಗುಳನ್ನು ಕುಕ್ಕಿ ತಿಂದಿತು. ವಿಷಯ ತಿಳಿದ ಅಕ್ಕ, ಅವಳೇ ಬಂದದ್ದು ಎಂದು ಕಣ್ಣೊರೆಸಿಕೊಂಡಳು. ಸುಮತಿ ಇದ್ದಿದ್ದರೆ, ಕಾಗೆ ಬಂದದ್ದು ಪಿಷ್ಟಕ್ಕೆ ಎನ್ನುತ್ತಿದ್ದಳು, ಕನ್ನಡದಲ್ಲಿ. ಎರಡನೇ ಸಲ ನೀರು ಹೆಚ್ಚಾಗಿ ಪಂಚೆ ಹಳೆಯ ಟವೆಲಿನ ಹಾಗೆ ಬಿದ್ದುಕೊಂಡಿತು. ಮೂರನೇ ಸಲ ತಿಳಿಯನ್ನು ಬಟ್ಟೆಯಲ್ಲಿ ಸೋಸಿದೆ, ಬೆರಳಿಗೆ ಅಂಟುತ್ತದೆಯೇ ಎಂದು ನೋಡಿದೆ, ಅವಳು ಮಾಡುತ್ತಿದ್ದ ಹಾಗೆ ಪಂಚೆಯನ್ನು ಕೊಡವಿ ಹರಡಿದೆ. ಒಣಗಿದ ಮೇಲೆ ಮಡಚುವಾಗ ಸರಬರ ಸದ್ದು ಬಂತು. ಆ ಸದ್ದು ಕೇಳದೆ ವರ್ಷವಾಗುತ್ತ ಬಂದಿತ್ತು. ಬಿಚ್ಚಿ ಇನ್ನೊಮ್ಮೆ ಮಡಚಿದೆ.

ಕಾರ್ಯದ ದಿನ ಬೆಳಿಗ್ಗೆ ಮಗಳು ಬಂದಾಗ ನಾನು ಅವಳ ಅಮ್ಮನ ಬ್ಯಾಗಿನಿಂದ ಬಾಟಲಿ ತೆಗೆದು, ಉಟ್ಟ ಪಂಚೆಯ ಒಳಮಡಿಕೆಗೆ ಒಂದು ಹನಿ ಬಿಡುತ್ತಿದ್ದೆ. ನೀಲಿಯಾಯಿತು. ಮಗಳು ಗಾಬರಿಯಾಗಿ, ಎಂತ ಮಾಡ್ತಾ ಇದ್ದೀರಿ ಎಂದು ತುಳುವಿನಲ್ಲಿ ಕೇಳಿದಳು.

"ಇದು ಪಿಷ್ಟ. ಗಂಜಿಯಲ್ಲಿ ಇರುವುದು. ಅಯೋಡಿನ್ ತಾಗಿದರೆ ನೀಲಿ ಆಗ್ತದೆ."

ಅವಳು ನನ್ನನ್ನೇ ನೋಡಿದಳು. "ಪಪ್ಪ, ಕನ್ನಡ ದಾಯೆಗ್?"

ಕನ್ನಡ ಯಾಕೆ ಎಂದು ಅವಳು ಕೇಳಿದಾಗಲೇ, ನಾನು ಕನ್ನಡದಲ್ಲಿ ಹೇಳಿದ್ದು ನನಗೆ ಗೊತ್ತಾದದ್ದು. ನನ್ನದು ಅಂಗಡಿಯ ಕನ್ನಡ, ಗಿರಾಕಿಗಳಿಗೆ ಕುಕ್ಕರಿನ ಗ್ಯಾರಂಟಿ ಹೇಳಲಿಕ್ಕೆ ಸಾಕು. ಕಾರ್ಯಕ್ಕೆ ಬಂದವರೆಲ್ಲ ಪಂಚೆ ಚೆನ್ನಾಗಿ ನಿಂತಿದೆ ಎಂದರು. ಊಟಕ್ಕೆ ಕುಳಿತಾಗ ಅನ್ನವನ್ನು ನಾನು ಎರಡು ಸಲ ಹಾಕಿಸಿಕೊಂಡೆ. ಬೇಡ ಎಂದು ಯಾರೂ ಕನ್ನಡದಲ್ಲಿ ಹೇಳಲಿಲ್ಲ.