ಚಪ್ಪಲಿ ಬಡಿದು ಬರುವ ದೆವ್ವ

ನಮ್ಮ ದಾಂಡೇಲಿಯ ಸಾಲುಮನೆಗಳ ಚಾಳಿನಲ್ಲಿ ಹಾಳಾದ ಹಾಲಿಗೆಲ್ಲ ನನ್ನ ಮೈದುನನೇ ಕಾರಣ. ಬೆಕ್ಕಿನ ಮೇಲೆ ಅಪವಾದ ಹೊರಿಸಿದರೆ ಶಿವ ಮೆಚ್ಚುವುದಿಲ್ಲ!

ಅವನು ಕಾಗದದ ಮಿಲ್ಲಿನಲ್ಲಿ ಕಾರಕೂನ. ಮಿಲ್ಲು ಕಾಗದ ಮಾಡುತ್ತದೆ, ಇವನು ಅದನ್ನು ಕೆಡಿಸುತ್ತಾನೆ ಎನ್ನುತ್ತಾರೆ ನಮ್ಮ ಯಜಮಾನರು. ಬರೆಯುವುದಾದರೂ ಏನು? ಕಾಳಿ ನದಿಯ ಮೊಸಳೆಯ ಬೆನ್ನೇರುವ ಸಾಹಸಿಗಳು, ಜೋಯಿಡಾ ಕಾಡಿನ ಹಾಳು ಬಂಗಲೆಯ ದೆವ್ವಗಳು! ಆಗಲೇ ಮೂರು ಕಾದಂಬರಿ ಅಚ್ಚಾಗಿವೆ. ಪ್ರತಿ ಅಧ್ಯಾಯವನ್ನೂ ಮೊದಲು ನನ್ನ ಅಡಿಗೆಮನೆಯಲ್ಲೇ ಓದಬೇಕು, ಅದೂ ನಾನು ಹಾಲು ಕಾಯಲಿಟ್ಟ ಹೊತ್ತು ನೋಡಿ. ಹಾಲು ಉಕ್ಕಿದರೆ ಅಧ್ಯಾಯ ಪಾಸು. ನಾನು ಎಚ್ಚರದಿಂದ ಇಳಿಸಿದೆನೋ, ಅವನ ಮುಖ ಸಣ್ಣದಾಗುತ್ತದೆ.

"ವೈನಿ, ಹಾಲಿನ ಮ್ಯಾಲ ಲಕ್ಷ್ಯ ಉಳೀತಲ್ಲ! ಇದು ಸಪ್ಪಗ ಐತಿ" ಎಂದು ಹರಿದೇ ಬಿಡುತ್ತಾನೆ. ಹರಿದ ಹಾಳೆ ಒಲೆ ಹೊತ್ತಿಸಲು ಬರುತ್ತದೆ. ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಓದುವ ದನಿಯೋ, ಪಾಳಿಗೆ ಕೂಗುವ ಮಿಲ್ಲಿನ ಭೋಂಗಾ! ನನ್ನ ಕಿವಿ ಚೆನ್ನಾಗಿಯೇ ಇದೆ, ಇಷ್ಟು ಜೋರು ಯಾರಿಗಾಗಿ? ಒಳಗೆ ದೇವರ ಮುಂದೆ ಜಪಮಣಿ ಎಣಿಸುವ ನಮ್ಮ ಅತ್ತೆಯಂತೂ, "ಲಿಂಗಪೂಜಿ ಆಗೂ ಮನ್ಯಾಗ ದೆವ್ವದ ಮಾತು ಬ್ಯಾಡ" ಎಂದು ಎಂದೋ ಹೇಳಿಬಿಟ್ಟಿದ್ದಾರೆ. ಮಗನ ಒಂದು ಪುಸ್ತಕವನ್ನೂ ಅವರು ಮುಟ್ಟಿದವರಲ್ಲ.

ಅಚ್ಚಾದ ಪುಸ್ತಕ ಚಾಳಿಗೆಲ್ಲ ಒಂದೇ ಪ್ರತಿ. ಗಂಡ ಮೊದಲ ಪಾಳಿಗೆ ಹೋದ ಮನೆಯಲ್ಲಿ ಬೆಳಿಗ್ಗೆ, ಎರಡನೆಯ ಪಾಳಿಯ ಮನೆಯಲ್ಲಿ ಮಧ್ಯಾಹ್ನ. ಪಕ್ಕದ ಮನೆಯ ಗಂಗಕ್ಕ ಒಂದು ದಿನ ಜಗಳಕ್ಕೇ ಬಂದಳು. "ಏನ್ ಬರೀತಾರ್ರಿ ನಿಮ್ಮ ಮೈದುನರು! ಅಂಜಿ ಹಿತ್ತಲಕ್ಕ ಹೋಗಾಕ ಆಗವಲ್ದು. ಮುಂದಿನ ಪುಸ್ತಕ ಯಾವಾಗ?" ಹಳಿಯಾಳದ ಮಾಸ್ತರರೊಬ್ಬರ ಪತ್ರ ಬೇರೆಯೇ ಧಾಟಿ: 'ತಮ್ಮ ನಾಯಕನ ಕುದುರೆ ಹಳಿಯಾಳದಿಂದ ಜೋಯಿಡಾಕ್ಕೆ ಅರ್ಧ ಗಂಟೆಯಲ್ಲಿ ತಲುಪಿದೆ. ದಯವಿಟ್ಟು ಅದನ್ನು ನಮ್ಮ ಬಸ್ಸಿಗೆ ಕಟ್ಟಿಸಿಕೊಡಿ.'

ಯಾರು ಏನೆಂದರೂ ಮೈದುನ ತಿದ್ದುತ್ತಾನೆ. ಗಂಗಕ್ಕ ಅತ್ತಳೆಂದು ಕಥೆಯಲ್ಲಿ ಸತ್ತ ಹುಲಿಯನ್ನೇ ಬದುಕಿಸಿದ್ದ! ಆದರೆ ಹೊಸ ಕಾದಂಬರಿಯಲ್ಲಿ ಮಾತ್ರ ಹಟ ಹಿಡಿದ. ಅದರ ದೆವ್ವ ಹೊಸ್ತಿಲಿಗೆ ಬಂದು, ಚಪ್ಪಲಿಗಳನ್ನು ಎರಡು ಸಲ ಬಡಿದು, ಆಮೇಲೆ ಒಳಗೆ ಬರುತ್ತದೆ.

"ದೆವ್ವದ ಪಾದ ಹಿಂದಮುಂದ ಇರ್ತಾವ. ಚಪ್ಪಲಿ ಹೆಂಗ ಮೆಟ್ಟತೈತ್ರಿ?" ಎಂದು ಗೋಡೆಯಾಚೆಯಿಂದಲೇ ಓದು ಕೇಳಿದ ಗಂಗಕ್ಕ ನಕ್ಕಳು. ಹುಬ್ಬಳ್ಳಿಯ ಪ್ರಕಾಶಕರು ನಗಲಿಲ್ಲ. 'ಚಪ್ಪಲಿ ತೆಗೆಯಿರಿ, ಇಲ್ಲವೇ ಹಸ್ತಪ್ರತಿ ವಾಪಸು ಪಡೆಯಿರಿ' ಎಂದು ಬರೆದರು.

"ತೆಗೆದು ಬಿಡಪಾ, ಎರಡು ಚಪ್ಪಲಿ ಸಲುವಾಗಿ ವರ್ಷದ ದುಡಿತ ನೀರಪಾಲು ಆಗಬೇಕೇನು?" ಎಂದೆ.

"ಆಗೂದಿಲ್ಲ ವೈನಿ. ಯಾಕೋ ನನಗೂ ತಿಳೀದು. ನನ್ನ ದೆವ್ವ ಹಂಗ ಬರ್ತೈತಿ."

ಮಹಾನವಮಿ ಅಮಾವಾಸ್ಯೆ ಬಂತು. ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ಮಧ್ಯಾಹ್ನ ಹೋಳಿಗೆಗೆಂದು ಹಾಲು ಕಾಯಲಿಟ್ಟಿದ್ದೆ. ಮೈದುನ ಮೂಲೆಯಲ್ಲಿ ಕುಳಿತು ಹಸ್ತಪ್ರತಿ ಮರಳಿಸಿರೆಂದು ಪ್ರಕಾಶಕರಿಗೆ ಬರೆಯುತ್ತಿದ್ದ. ಗಂಗಕ್ಕ ಬಾಗಿಲಲ್ಲೇ ಕೂಗಿದಳು: "ನಿಮ್ಮ ದೆವ್ವಕ್ಕೂ ಒಂದು ಎಡಿ ಇಟ್ಟೇನ್ರಿ! ಅಡವ್ಯಾಗ ಉಪಾಸ ಅಡ್ಡಾಡತೈತಿ, ಪಾಪ."

ಕಾದಂಬರಿಯ ದೆವ್ವಕ್ಕೆ ಎಡೆ! ನಗು ತಡೆಯದೆ ನಾನೂ ಚೇಷ್ಟೆಗೆ ಕೇಳಿದೆ. "ನಾವೂ ಒಂದು ಇಡೂಣೇನ್ರಿ, ಅತ್ತಿ?"

ಅತ್ತೆ ನಮ್ಮ ಮಾವನವರ ಎಡೆಗೆ ಹೋಳಿಗೆ ಬಡಿಸುತ್ತಿದ್ದರು. ಮೈದುನ ಮೂರು ವರ್ಷದವನಿದ್ದಾಗಲೇ ಮಾವ ಜ್ವರದಲ್ಲಿ ತೀರಿಕೊಂಡಿದ್ದರು. ಅತ್ತೆ ತಲೆ ಎತ್ತದೆಯೇ ಹೇಳಿದರು.

"ನಮ್ಮ ಮನ್ಯಾಗ ಬ್ಯಾರೆ ಎಡಿ ಬ್ಯಾಡ. ಇಬ್ಬರೂ ಒಬ್ಬರ ಅದಾರ."

ಮೈದುನನ ಲೇಖನಿ ನಿಂತಿತು.

"ಮಳಿಯಾಗ ಗದ್ದಿಯಿಂದ ಬಂದ್ರ ನಿಮ್ಮಪ್ಪ ಹಂಗ ಎರಡು ಸಲ ಚಪ್ಪಲಿ ಬಡೀತಿದ್ರು. ಕೆಸರು ಒಳಗ ಬರಬಾರ್ದಂತ. ಆ ಸಪ್ಪಳಕ್ಕ ನೀ ತೊಟ್ಟಿಲದಾಗ ಎದ್ದು ಕೂಡತಿದ್ದಿ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಚಪ್ಪಲಿ ತೆಗೀಬ್ಯಾಡ. ಆ ಅಧ್ಯಾಯ ಇನ್ನೊಮ್ಮೆ ಓದು."

ಅವನು ಓದಿದ. ಅಂದು ಭೋಂಗಾ ಇರಲಿಲ್ಲ, ದನಿ ಮೆಲ್ಲಗಿತ್ತು. ಅವನ ಅವ್ವ ಪಕ್ಕದಲ್ಲೇ ಕುಳಿತಿದ್ದರಲ್ಲ! ಪುಸ್ತಕ ಅಚ್ಚಾಗುವುದೋ ಇಲ್ಲವೋ ಆ ಶಿವನೇ ಬಲ್ಲ.

ಒಲೆಯ ಮೇಲೆ ಹಾಲು ಏರಿ ಬಂತು. ನಾನು ನೋಡಿದೆ, ಇಳಿಸಲಿಲ್ಲ.