ಒಂದು ಒತ್ತಕ್ಷರದ ಪಾಟಿ

ಒಂದು ಊರಿನಲ್ಲಿ ನಲವತ್ತು ವರ್ಷ ಬಾಳಿದರೆ ಅಲ್ಲಿನ ಭಾಷೆ ತಾನಾಗಿ ಬರುತ್ತದೆ ಎನ್ನುವವರು ನನ್ನನ್ನು ನೋಡಿಲ್ಲ. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರನಾಗಿ ನೌಕರಿ ಮುಗಿಸಿದೆ. ಆ ಸುತ್ತಿಗೆ ಸದ್ದಿನಲ್ಲಿ ಯಾರ ತಮಿಳೂ ಯಾರಿಗೂ ಕೇಳುತ್ತಿರಲಿಲ್ಲ. ಹೊರಗಿನ ವ್ಯವಹಾರವೆಲ್ಲ ಹೆಂಡತಿ ಗಿರಿಜಾಳದು. ಗದಗಿನಿಂದ ಬಂದ ಆರು ತಿಂಗಳಿಗೇ ಅವಳು ವೆಸ್ಟ್ ಮಾಂಬಲಂನ ಸೊಪ್ಪಿನವಳ ಜೊತೆ ತಮಿಳಿನಲ್ಲಿ ಜಗಳವಾಡಿ ಗೆದ್ದು ಬಂದಿದ್ದಳು. ಎಂಟು ತಿಂಗಳ ಹಿಂದೆ ಅವಳು ತೀರಿಕೊಂಡಾಗ ನನಗೆ ಹೆಂಡತಿಯ ಜೊತೆಗೆ ದುಭಾಷಿಯೂ ಇಲ್ಲದಂತಾಯಿತು. ಸಮಾಧಾನ ಹೇಳಲು ಬಂದವರ ಮಾತಿಗೆಲ್ಲ ತಲೆಯಾಡಿಸಿದೆ. ಒಬ್ಬರು ಅವಳ ಮಿಕ್ಸಿ ಕೇಳಿದ್ದಕ್ಕೂ ಆಡಿಸಿದ್ದೆನೆಂದು, ಅವರು ಅದನ್ನು ಎತ್ತಿಕೊಂಡು ಹೊರಟಾಗ ತಿಳಿಯಿತು.

ಮಿಕ್ಸಿ ಹೋದರೆ ಹೋಗಲಿ. ಕೊಡಲಾಗದ ವಸ್ತು ಒಂದೇ, ಅಡುಗೆಮನೆಯ ಮೊಳೆಗೆ ನೇತುಹಾಕಿದ ಪಾಟಿ. ನಮ್ಮ ಕಡೆ ಸ್ಲೇಟಿಗೆ ಪಾಟಿ ಎನ್ನುತ್ತೇವೆ. ತರುವುದು, ಮಾಡುವುದು ಎಲ್ಲವನ್ನೂ ಗಿರಿಜಾ ಅದರಲ್ಲಿ ಬರೆಯುತ್ತಿದ್ದಳು. ಮುಗಿದ ಮೇಲೆ ಎಂಜಲು ಹಚ್ಚಿ ಸೆರಗಿನಿಂದ ಒರೆಸುತ್ತಿದ್ದಳು. ಆಸ್ಪತ್ರೆಗೆ ಹೋದ ದಿನದ ಪಟ್ಟಿ ಮಾತ್ರ ಹಾಗೇ ಉಳಿದಿತ್ತು. ಅದಕ್ಕೆ ಹೊಗೆ ತಾಗೀತೆಂದು ಎಂಟು ತಿಂಗಳು ಒಗ್ಗರಣೆ ಇಲ್ಲದ ಸಾರು ಉಂಡೆ. ಸೀನು ಬಂದರೆ ಬಾಲ್ಕನಿಗೆ ಓಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ನಿಲಾ ನಾಲ್ಕು ಮಕ್ಕಳ ದಂಡು ಕಟ್ಟಿಕೊಂಡು ಬಂದಳು. ಹತ್ತು ವರ್ಷದವಳು, ತಾಯಿ ನಮ್ಮ ಕಡೆಯವಳಾದ್ದರಿಂದ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಶಾಲೆಯ ಸ್ಪರ್ಧೆಗೆ ಫೋನಿನಲ್ಲೇ ಒಂದು ಕಿರುಚಿತ್ರ ತೆಗೆಯುತ್ತಿದ್ದರಂತೆ. ಬಡಮನೆಯ ಐವರು ಮಕ್ಕಳು, ಒಂದೇ ಪೆನ್ಸಿಲ್ಲು. ಅದನ್ನು ಐದು ತುಂಡು ಮಾಡಿ ಹಂಚಿಕೊಂಡು ಎಲ್ಲರೂ ಪರೀಕ್ಷೆ ಬರೆಯುವ ಕಥೆ. “ತಾತಾ, ಪಡತ್ತುಕ್ಕು ಒರು ಪಾಟ್ಟಿ ವೇಣುಂ” ಎಂದಳು. ಸಿನಿಮಾಕ್ಕೆ ಒಂದು ಪಾಟಿ ಬೇಕು. ಬಡಮಕ್ಕಳ ಕಥೆ, ಬೇಡವೇ ಮತ್ತೆ?

ಮೊಳೆಯ ಮುಂದೆ ಬಹಳ ಹೊತ್ತು ನಿಂತೆ. ‘ಹುಡುಗ್ರು ಕೇಳ್ಯಾವ, ಕೊಡ್ರಿ’ ಎನ್ನುತ್ತಿದ್ದಳು ಗಿರಿಜಾ, ಇದ್ದಿದ್ದರೆ. ಉರಿಯುವ ದೀಪ ತರುವವನಂತೆ ಎರಡೂ ಕೈಯಲ್ಲಿ ಹಿಡಿದು ತಂದು, “ಇದರ ಮ್ಯಾಲಿಂದು ಅಳಿಸಬ್ಯಾಡವಾ” ಎಂದೆ.

ಐವರೂ ಪಾಟಿಯನ್ನು ನೋಡಿದರು, ನನ್ನನ್ನು ನೋಡಿದರು. “ತಾತಾ, ಇದು ಸ್ಲೇಟು. ನಾನ್ ಕೇಟ್ಟದು ಪಾಟ್ಟಿ,” ಎಂದು ನಿಲಾ, ಮಂದಬುದ್ಧಿಯವನಿಗೆ ಹೇಳುವಂತೆ, ಮೊದಲ ಬಾರಿಗೆ ಒಂದು ಕನ್ನಡ ಪದ ಉಚ್ಚರಿಸಿದಳು: “ಅಜ್ಜಿ.”

ಮೂರನೇ ಮಹಡಿಯ ಪದ್ಮಾ ಮಾಮಿಯನ್ನು ಒಪ್ಪಿಸಿಕೊಡಿ ಎಂದು ಕೇಳಲು ಬಂದಿದ್ದರಂತೆ. ಮಾಮಿಯದು ಅಜ್ಜನ ಕಾಲದಲ್ಲೇ ಮೈಸೂರಿನಿಂದ ಬಂದ ಮನೆತನ. ಬಡ ಅಜ್ಜಿಯಾಗಲು ತಕರಾರಿಲ್ಲ, ಆದರೆ ರೇಷ್ಮೆ ಸೀರೆಯಲ್ಲೇ ಬಡವಳಾಗುತ್ತೇನೆ ಎಂದಿದ್ದರು. ಅಷ್ಟರಲ್ಲಿ ದಂಡಿನ ಅತಿ ಚಿಕ್ಕ ಹುಡುಗಿ ನನ್ನನ್ನೇ ಅಳೆಯುವಂತೆ ನೋಡಿ, “ತಾತಾವೇ ಪಾಟ್ಟಿಯಾ ಇರುಕ್ಕಟ್ಟುಂ” ಎಂದಳು. ತಾತನೇ ಅಜ್ಜಿಯಾಗಲಿ.

“ಮೀಸಿ ಐತಲ್ಲವಾ?”

“ತೆರಿಯಾದು ತಾತಾ,” ಎಂದಳು ನಿಲಾ. ಮೀಸೆ ಕಾಣುವುದಿಲ್ಲ, ಅದು ಕಾಣುವಷ್ಟು ಒಳ್ಳೆಯ ಫೋನು ತಮ್ಮಲ್ಲಿಲ್ಲವಂತೆ.

ಹೀಗೆ ಎಂಟು ತಿಂಗಳಿಂದ ತೆಗೆಯದ ಬೀರು ತೆಗೆದು, ಗಿರಿಜಾಳ ನೂಲಿನ ಸೀರೆ ಸುತ್ತಿಕೊಂಡು ಟೆರೇಸಿನಲ್ಲಿ ಕೂತೆ. ಸೆರಗಿನಲ್ಲಿ ನುಸಿಗುಳಿಗೆಯ ವಾಸನೆ. ನೀರಿನ ಕ್ಯಾನು ತಳ್ಳುವ ಗಾಡಿಯ ಮೇಲೆ ಫೋನು ಹಿಡಿದು ನಿಲಾ ಕೂತಳು, ಇಬ್ಬರು ಅವಳನ್ನು ತಳ್ಳಿದರು, ಒಬ್ಬಳು ಸ್ಟೀಲ್ ತಟ್ಟೆಯಿಂದ ನನ್ನ ಮುಖಕ್ಕೆ ಬಿಸಿಲು ಹೊಡೆದಳು. ಹೇಗೂ ಬಂದಿದೆಯಲ್ಲ ಎಂದು ಪಾಟಿಯನ್ನು ನನ್ನ ಹಿಂದೆಯೇ ನೇತುಹಾಕಿದ್ದರು. ನಾನು ಪೆನ್ಸಿಲ್ಲನ್ನು ಐದು ತುಂಡು ಮಾಡಬೇಕು, ಮೊಂಡು ತುಂಡು ಸಿಕ್ಕ ಚಿಕ್ಕ ಹುಡುಗಿ ಅಳಬೇಕು. ಅವಳು ನಿಜಕ್ಕೂ ಚೆನ್ನಾಗಿ ಅತ್ತಳು. “ಪಾಟ್ಟಿ, ತೊಡೈಂಗೋ” ಎಂದು ನಿಲಾ ಕೂಗಿದಳು. ಅಜ್ಜಿ, ಕಣ್ಣೊರೆಸಿ ಎಂದು ಅದರ ಅರ್ಥ. ನನಗೆ ಪಾಟಿ ಒರೆಸು ಎಂದು ಕೇಳಿತು. ನಿರ್ದೇಶಕರ ಮಾತು. ತಿರುಗಿ ಎಂಜಲು ಹಚ್ಚಿ, ಸೆರಗು ಹಿಡಿದು, ಅವಳು ಒರೆಸುತ್ತಿದ್ದ ಹಾಗೆಯೇ ಮೂಲೆಯಿಂದ ಮೂಲೆಗೆ ಒರೆಸಿಬಿಟ್ಟೆ.

ಅಳುತ್ತಿದ್ದವಳು ನಿಲ್ಲಿಸಿದಳು. ಗಾಡಿ ನಿಂತಿತು. ನಾನು ಖಾಲಿ ಪಾಟಿಯ ಎದುರು ಕೂತೇ ಇದ್ದೆ. ಚಿಕ್ಕವಳು ತನ್ನ ಮೊಂಡು ಪೆನ್ಸಿಲ್ಲನ್ನು ನನ್ನ ಕೈಯಲ್ಲಿಟ್ಟಳು. ನಿಲಾ ಬಂದು ಪಕ್ಕ ಕೂತು ಫೋನು ತೋರಿಸಿದಳು: ನಾನು ಒರೆಸುವ ಮೊದಲು, ನನ್ನ ಮೀಸೆಯ ಹಿಂದೆ, ಪಟ್ಟಿ ಪೂರ್ತಿ ಇತ್ತು. ಮೀಸೆಯೂ ಚೆನ್ನಾಗಿ ಕಾಣುತ್ತಿತ್ತು.

ಮುಂದಿನ ಭಾನುವಾರ ಸಂಜೆ ಕಾರ್ ಪಾರ್ಕಿಂಗಿನಲ್ಲಿ ಬೆಡ್‌ಶೀಟು ಕಟ್ಟಿ ಚಿತ್ರ ತೋರಿಸಿದರು. ನನ್ನ ಸೀರೆಗೆ ಬಿದ್ದ ಶಿಳ್ಳೆಗಳ ನಡುವೆ ಪಾಟಿ ಬಂತು, ಬೆಡ್‌ಶೀಟಿನಷ್ಟು ದೊಡ್ಡದಾಗಿ. ಕನ್ನಡ ಓದಲು ಬರುವ ಪದ್ಮಾ ಮಾಮಿ, ಅದು ಯಾವ ದಿನದ ಪಟ್ಟಿಯೆಂದು ನನ್ನಿಂದ ಕೇಳಿ ತಿಳಿದಿದ್ದವರು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಹುಣಸೇಹಣ್ಣು. ಸಾಸಿವಿ. ಇವರ ಹರಕ ಬನಿಯನ್ ಒಗಿಯೂದು.” ಆಮೇಲೆ ಮೂಗು ಒರೆಸಿಕೊಂಡು, “ಪಾಪ, ಆಸ್ಪತ್ರೆಗೆ ಹೋಗೋ ದಿನಾನೂ ನಿಮ್ಮ ಬನಿಯನ್ ಒಗೆಯೋ ಯೋಚನೆ ಅವರಿಗೆ” ಎಂದರು. ಅದನ್ನು ತಮಿಳಿನಲ್ಲೂ ಎಲ್ಲರಿಗೆ ಹೇಳಿದರು. ಇಡೀ ಪಾರ್ಕಿಂಗು ಕಣ್ಣೊರೆಸಿಕೊಂಡಿತು.

ಮೈಸೂರಿನವರಿಗೆ ಒಗೆಯುವುದೆಂದರೆ ನೀರು, ಸೋಪು. ನಮ್ಮ ಗದಗಿನಲ್ಲಿ ಹರಕ ಬನಿಯನ್ನು ಒಗಿಯುವುದೆಂದರೆ ತಿಪ್ಪೆಗೆ ಎಸೆಯುವುದು. ಕೊನೆಯ ಎರಡು ವರ್ಷ ಗಿರಿಜಾ ಅದನ್ನೇ ಹೇಳುತ್ತಿದ್ದಳು. ನಾನು ಮಾಮಿಯನ್ನು ತಿದ್ದಲಿಲ್ಲ. ಭಾಷೆ ತಪ್ಪಾಗಿ ತಿಳಿಯುವುದರಿಂದ ಇಷ್ಟು ಅನುಕೂಲವಿದೆಯೆಂದು ನಲವತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ. ಮೆಲ್ಲಗೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ, ಒಳಗಿನದು ಯಾರಿಗೂ ಕಾಣದ ಹಾಗೆ.